ಷಡ್ಡಕನ ಆಕಾಶ

ಕಾರಿನ ಮುಲ್ಕಿಯಾ, ಅಂದರೆ ನೋಂದಣಿ ಕಾರ್ಡು, ನವೀಕರಣದ ದಿನ ಹತ್ತಿರ ಬಂದಾಗಲೇ ತಲೆಮರೆಸಿಕೊಳ್ಳುತ್ತದೆ. ಮೊನ್ನೆ ಅದಕ್ಕಾಗಿ ಡ್ಯಾಶ್‌ಬೋರ್ಡಿನ ಖಾನೆಯನ್ನು ಬಗೆಯುತ್ತಿದ್ದೆ. ಕಾರ್ಡಿನ ಬದಲು ಒಂದು ಟಾರ್ಚು ಸಿಕ್ಕಿತು. ಅದರ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಒತ್ತಿದರೆ ಬೆಳಕು ಬರಲಿಲ್ಲ, ಒಂದು ಚಿಟಿಕೆ ಮರಳು ಮಾತ್ರ ಉದುರಿತು. ಎರಡು ಚಳಿಗಾಲದ ಹಿಂದೆ ನನ್ನ ಷಡ್ಡಕರು ನಮ್ಮನ್ನು ನಕ್ಷತ್ರ ನೋಡಲು ಮರಳುಗಾಡಿಗೆ ಅಟ್ಟಿಕೊಂಡು ಹೋದ ದಿನದ ಟಾರ್ಚು ಅದು.

ಷಡ್ಡಕ ಎಂದರೇನೆಂದು ನಿಮಗೆ ಗೊತ್ತಿರಬಹುದು. ಹೆಂಡತಿಯ ಅಕ್ಕನನ್ನೋ ತಂಗಿಯನ್ನೋ ಮದುವೆಯಾದ ತಪ್ಪಿಗೆ ಜೀವಮಾನವಿಡೀ ನೆಂಟರು ನಿಮ್ಮ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಹೋಲಿಸಿ ನೋಡುವ ಮನುಷ್ಯ. ನನ್ನ ಹೆಂಡತಿ ರೇಖಾಳ ಅಕ್ಕ ಶೋಭಕ್ಕ. ಶೋಭಕ್ಕನ ಗಂಡ ಜಗದೀಶ ಭಾವ. ಇದು ಅವರ ನಿಜವಾದ ಹೆಸರಲ್ಲ. ಬರೆಯುವುದಾದರೆ ಹೆಸರು ಬದಲಿಸು ಎಂದು ಹೇಳಿದ್ದರು, ಬದಲಿಸಿದೆ. ಈ ಹೆಸರು ಅವರಿಗೆ ಹಿಡಿಸಲಿಲ್ಲ.

ನಮ್ಮ ಎರಡೂ ಮನೆಯವರು ಇರುವುದು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಅಲ್ಲಿನ ಕಟ್ಟಡಗಳ ಗುಂಪುಗಳಿಗೆ ಒಂದೊಂದು ದೇಶದ ಹೆಸರಿಟ್ಟಿದ್ದಾರೆ. ಭಾವ ಇಂಗ್ಲೆಂಡ್ ಕ್ಲಸ್ಟರ್, ನಾನು ಚೈನಾ ಕ್ಲಸ್ಟರ್. ನಡುವೆ ನಡೆದುಹೋಗುವಷ್ಟೇ ದಾರಿ. ಎರಡೂ ಕಡೆ ಅದೇ ಜಿರಲೆ, ಅದೇ ಪಾರ್ಕಿಂಗಿನ ಜಗಳ. ಆದರೆ ಪುತ್ತೂರಿನಲ್ಲಿರುವ ನಮ್ಮ ಅತ್ತೆ ನೆಂಟರಿಗೆಲ್ಲ ಹೇಳುವುದು ಹೀಗೆ: "ದೊಡ್ಡ ಅಳಿಯ ಇಂಗ್ಲೆಂಡಿನಲ್ಲಿ, ಸಣ್ಣವ ಚೈನಾದಲ್ಲಿ." ಕೇಳಿದವರು ನನ್ನ ಬಗ್ಗೆ ಮರುಕದಿಂದ ಲೊಚಗುಟ್ಟುತ್ತಾರಂತೆ.

ನನ್ನ ನಾಲಿಗೆ ಸ್ವಲ್ಪ ಹರಿತ ಎಂಬ ಆರೋಪವಿದೆ. ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ವಾಹನ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಅಪಘಾತವಾದವರು ಬರೆದುಕೊಟ್ಟ ಹೇಳಿಕೆಯಲ್ಲಿ ಎಲ್ಲಿ ಸುಳ್ಳಿದೆ, ಯಾರ ತಪ್ಪಿದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ. ಇಂಥ ಕೆಲಸ ಇಷ್ಟು ವರ್ಷ ಮಾಡಿದವನು ಮನೆಗೆ ಬಂದು ಜಗತ್ತಿನ ಬಗ್ಗೆ ಒಳ್ಳೆಯ ಮಾತಾಡಬೇಕು ಎಂದು ರೇಖಾ ಬಯಸುವುದು ಅತಿಯಾಸೆ.

ನಕ್ಷತ್ರಗಳ ಮೇಲೆ ನನಗೆ ಮೊದಲಿನಿಂದಲೂ ಗೌರವ ಕಡಿಮೆ. ಚಿಕ್ಕಂದಿನಲ್ಲಿ ನಮ್ಮ ಮನೆ ಹಂಚಿನ ಕಾರ್ಖಾನೆಯ ಹಿಂದಿತ್ತು. ಕರೆಂಟು ಹೋದ ರಾತ್ರಿಗಳಲ್ಲಿ ಅಮ್ಮ ಅಂಗಳಕ್ಕೆ ಚಾಪೆ ಹಾಕಿ, ಚಿಮಿಣಿ ದೀಪ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಾವು ಮಕ್ಕಳು ಪಕ್ಕದಲ್ಲಿ ಅಂಗಾತ ಮಲಗಿ ಸೊಳ್ಳೆ ಹೊಡೆಯುತ್ತಿದ್ದೆವು. ಮೇಲೆ ರಾಶಿ ರಾಶಿ ನಕ್ಷತ್ರ. ಅವನ್ನು ನೋಡಿ ಯಾರೂ ಆಹಾ ಅನ್ನಲಿಲ್ಲ. ಕರೆಂಟು ಬಂದ ಕೂಡಲೇ ಇಡೀ ಕೇರಿಯೇ ಹೋ ಎಂದು ಕೂಗಿ ಒಳಗೆ ಓಡುತ್ತಿತ್ತು. ಬಲ್ಬು ಇಲ್ಲದವರಿಗೆ ಸಿಗುವ ಸಮಾಧಾನದ ಬಹುಮಾನ ನಕ್ಷತ್ರ ಎಂದೇ ನಾನು ತಿಳಿದಿದ್ದೆ. ಅಂಥವನು ವಿಮಾನ ಹತ್ತಿ, ಬೆಳಕಿಗಾಗಿಯೇ ಹೆಸರಾದ ಊರಿಗೆ ಬಂದು, ರಾತ್ರಿಯನ್ನೇ ಹಗಲು ಮಾಡಿದ ಆ ಊರಿನಿಂದ ಮತ್ತೆ ಕತ್ತಲೆ ಹುಡುಕಿಕೊಂಡು ಎರಡೂವರೆ ಗಂಟೆ ಕಾರು ಓಡಿಸಬೇಕೆಂದರೆ ಹೇಗಾಗಬೇಡ?

ಭಾವನಿಗೆ ಇದು ಚಟ. ಅವರು ಮೊದಲು ಈ ದೇಶಕ್ಕೆ ಬಂದದ್ದು ರಸ್ತೆ ಗುತ್ತಿಗೆದಾರರೊಬ್ಬರ ಬಳಿ ಸರ್ವೇಯರ್ ಆಗಿ. ಅಬುಧಾಬಿಯ ಪಶ್ಚಿಮದ ಮರಳಿನಲ್ಲಿ, ಕ್ಯಾಂಪಿನಲ್ಲಿ, ನಾಲ್ಕು ವರ್ಷ ಒಬ್ಬರೇ ಇದ್ದರು. ರಾತ್ರಿ ಮಾತಾಡಲು ಯಾರೂ ಇಲ್ಲದೆ ಆಕಾಶ ಕಲಿತರು. ಆಮೇಲೆ ಮಾತಾಡಲು ನಾವು ಸಿಕ್ಕಿದೆವು. ಪ್ರತಿ ಚಳಿಗಾಲ ಒಂದು ಅಮಾವಾಸ್ಯೆಯ ಹತ್ತಿರದ ಶನಿವಾರ ನೋಡಿ ಪರಿಚಯದ ಕನ್ನಡದವರನ್ನೆಲ್ಲ ಹೊರಡಿಸುತ್ತಿದ್ದರು. ನಾನು ಏನಾದರೂ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಆ ವರ್ಷ ನನ್ನ ಮಗಳು ಧೃತಿಗೆ ಹತ್ತು ವರ್ಷ. "ಪಪ್ಪಾ, ಎವೆರಿಬಡಿ ಈಸ್ ಗೋಯಿಂಗ್," ಎಂದಳು. ಮುಗಿಯಿತು.

ಮಧ್ಯಾಹ್ನ ಒಂದು ಗಂಟೆಗೆ ಹೊರಡಬೇಕೆಂದು ಭಾವನ ಆಜ್ಞೆ.

"ನಕ್ಷತ್ರ ಕಾಣುದು ಏಳು ಗಂಟೆಗಲ್ವಾ ಭಾವ? ಒಂದು ಗಂಟೆಗೆ ಹೋಗಿ ಸೂರ್ಯನಿಗೆ ಬಾಯ್ ಹೇಳುದಾ?" ಎಂದೆ.

"ಬೆಳಕಿರುವಾಗ ಜಾಗ ನೋಡ್ಬೇಕು ಮಾರಾಯ. ನಿನಗೆ ಗೊತ್ತಾಗುದಿಲ್ಲ."

ನನಗೆ ಗೊತ್ತಾಗದ ವಿಷಯಗಳ ಪಟ್ಟಿ ಅವರ ಬಳಿ ಯಾವಾಗಲೂ ಇರುತ್ತಿತ್ತು. ನಾಲ್ಕು ಕಾರುಗಳು ಹೊರಟವು. ಮುಂದೆ ಭಾವ, ಹಿಂದೆ ನಾವು. ಎಲ್ಲರ ಕೊನೆಗೆ ದೇರಾದಲ್ಲಿ ಅತ್ತರಿನ ವ್ಯಾಪಾರವಿರುವ ಭಟ್ಕಳದ ಇಕ್ಬಾಲ್ ಸಾಹೇಬರು, ತಮ್ಮ ದೊಡ್ಡ ಫೋರ್ ವೀಲ್ ಡ್ರೈವಿನಲ್ಲಿ, ಒಂದು ಹಂಡೆ ಬಿರಿಯಾನಿಯೊಂದಿಗೆ. ಇಡೀ ಪ್ರವಾಸದಲ್ಲಿ ನಾನು ಪೂರ್ಣ ಮನಸ್ಸಿನಿಂದ ಮೆಚ್ಚಿದ್ದು ಆ ಹಂಡೆಯೊಂದನ್ನೇ. ಅಲ್ ಐನ್ ದಾಟಿ ದಕ್ಷಿಣಕ್ಕೆ ತಿರುಗಿದ ಮೇಲೆ ಒಂಟೆಗಳು, ಬೇಲಿಗಳು, ಮತ್ತೆ ಒಂಟೆಗಳು. ಪೆಟ್ರೋಲ್ ಪಂಪಿನಲ್ಲಿ ಕರಕ್ ಚಹಾ ಕುಡಿಯಲು ನಿಲ್ಲಿಸಿದಾಗ ನಮ್ಮವರೊಬ್ಬರು ಮರಳಿನ ಹಿನ್ನೆಲೆಯಲ್ಲಿ ಹನ್ನೊಂದು ಸೆಲ್ಫಿ ತೆಗೆದರು. ಹನ್ನೊಂದರಲ್ಲೂ ಮರಳು ಕಾಣಲಿಲ್ಲ, ಅವರೇ ತುಂಬಿಕೊಂಡಿದ್ದರು.

ಜಾಗ ತಲಪಿದಾಗ ನಾಲ್ಕೂವರೆ. ಭಾವ ಕಾರಿನಿಂದಿಳಿದು ಸೇನಾಧಿಪತಿಯಂತೆ ಸೊಂಟಕ್ಕೆ ಕೈಯಿಟ್ಟು ಸುತ್ತ ನೋಡಿದರು. ದಿಕ್ಸೂಚಿ ಹಿಡಿದು ತಮ್ಮ ಮಡಚುವ ಕುರ್ಚಿಯನ್ನು ಒಂದು ಕಡೆಗೆ ತಿರುಗಿಸಿ ಇಟ್ಟರು, ಮತ್ತೆ ಎರಡು ಬೆರಳಿನಷ್ಟು ಸರಿಸಿದರು, ಅದರ ಕಾಲುಗಳನ್ನು ಮರಳಿನಲ್ಲಿ ಹೂತರು. "ಇದನ್ನು ಯಾರೂ ಮುಟ್ಟುದು ಬೇಡ," ಎಂದರು. ಸಿಂಹಾಸನ ಸ್ಥಾಪನೆಯಾಯಿತು ಎಂದು ನಾನು ರೇಖಾಳ ಕಿವಿಯಲ್ಲಿ ಹೇಳಿದೆ. ಅವಳು ನಗಲಿಲ್ಲ, ಆದರೆ ಇಕ್ಬಾಲ್ ಸಾಹೇಬರಿಗೆ ಕೇಳಿಸಿ ಅವರು ನಕ್ಕರು.

ಸೂರ್ಯ ಮುಳುಗಿದ ಮೇಲೆ ಭಾವ ಅದರಲ್ಲಿ ಕೂತವರು ಏಳಲೇ ಇಲ್ಲ. ಚಹಾ ಅಲ್ಲಿಗೇ ಬರಬೇಕು, ಬಿರಿಯಾನಿಯ ತಟ್ಟೆ ಅಲ್ಲಿಗೇ. ಅವರ ಮಗಳು ಅನ್ವಿ ನೀರು ತಂದುಕೊಟ್ಟರೆ ಲೋಟವನ್ನು ಕೈಗೇ ಇಡಬೇಕು. ವಾಪಸು ಹೋಗುವಾಗ ಕಾರನ್ನು ಇಕ್ಬಾಲ್ ಸಾಹೇಬರ ಡ್ರೈವರ್ ಓಡಿಸುತ್ತಾನಂತೆ. ಉಪನ್ಯಾಸ ಕೊಟ್ಟು ಇವರಿಗೆ ದಣಿವಾಗುತ್ತದಂತೆ! ಎಲ್ಲರ ಫೋನುಗಳನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಸಿ ಮುಚ್ಚಿಟ್ಟರು. ಬಿಳಿ ಬೆಳಕು ಕಣ್ಣನ್ನು ಹಾಳುಮಾಡುತ್ತದೆ, ಕೆಂಪು ಮಾತ್ರ ನಡೆಯುತ್ತದೆ ಎಂದು ಜಿಲೇಟಿನ್ ಸುತ್ತಿದ ಟಾರ್ಚನ್ನು ತಮ್ಮ ಬಳಿ ಇಟ್ಟುಕೊಂಡರು. ದೂರದಲ್ಲಿ ಬೇರೊಂದು ಗುಂಪು ಜನರೇಟರ್ ಹಚ್ಚಿ, ಸ್ಟೇಡಿಯಮ್ಮಿನಂಥ ದೀಪ ಉರಿಸಿ, ಅದರ ಕೆಳಗೆ ಕುಣಿಯುತ್ತಿತ್ತು. ಅವರಾದರೂ ಪ್ರಾಮಾಣಿಕರು ಎನಿಸಿತು.

ಏಳೂಕಾಲರ ಹೊತ್ತಿಗೆ ಉಪನ್ಯಾಸ ಶುರುವಾಯಿತು. ಭಾವನ ಕೈಯಲ್ಲಿ ಹಸಿರು ಲೇಸರ್ ಕಡ್ಡಿ. ಅದರ ಗೆರೆ ನೇರ ಮೇಲಕ್ಕೆ ಹೋಗುತ್ತಿತ್ತು. ಲುಬ್ಧಕ ಇಲ್ಲಿ, ರೋಹಿಣಿ ಅಲ್ಲಿ, ಇದು ಮಹಾವ್ಯಾಧನೆಂಬ ಬೇಟೆಗಾರ. ಹೆಂಗಸರು, ಮಕ್ಕಳು ಬಾಯಿ ತೆರೆದು ಕೇಳಿದರು. ನಾನು ಎರಡನೇ ತಟ್ಟೆ ಬಿರಿಯಾನಿ ತಿನ್ನುತ್ತಿದ್ದೆ. ಅಷ್ಟರಲ್ಲಿ ಪಶ್ಚಿಮದಿಂದ ಒಂದು ಮೋಡ ಹಾಸುತ್ತ ಬಂತು. ಸದ್ದಿಲ್ಲದೆ ಅರ್ಧ ಆಕಾಶವನ್ನು ಒರೆಸಿಹಾಕಿತು.

ಭಾವ ನಿಲ್ಲಿಸಲಿಲ್ಲ. ಲೇಸರನ್ನು ಮೋಡದ ಹೊಟ್ಟೆಗೆ ಚುಚ್ಚಿ, "ಈಗ ಬೇಟೆಗಾರನ ಸೊಂಟಪಟ್ಟಿ ನೋಡಿ. ಮೂರು ನಕ್ಷತ್ರ, ಒಂದೇ ಸಾಲಿನಲ್ಲಿ. ಎಷ್ಟು ಚಂದ ಕಾಣ್ತದೆ ನೋಡಿ!" ಎಂದರು.

ಧೃತಿ ಹೇಳಿಯೇಬಿಟ್ಟಳು: "ದೊಡ್ಡಪ್ಪ, ದೇರ್ ಈಸ್ ಓನ್ಲಿ ಕ್ಲೌಡ್."

ಎಲ್ಲರೂ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು. "ಭಾವನಿಗೆ ಮೋಡದ ಹಿಂದಿನದ್ದೂ ಕಾಣ್ತದೆ. ನಮ್ಮ ಹಾಗೆ ಅಲ್ಲ, ಇಂಗ್ಲೆಂಡಿನವರು," ಎಂದೆ. ಆ ನಗು ಇನ್ನೂ ದೊಡ್ಡದಾಯಿತು. ಭಾವನೂ ನಕ್ಕರು. ಲೇಸರ್ ಆರಿಸಿ, "ಮೋಡ ಹೋಗುವವರೆಗೆ ಚಹಾ ಕುಡಿಯುವ," ಎಂದರು. ಸ್ವಲ್ಪ ಹೊತ್ತಿಗೆ, ಒಂದು ನಿಮಿಷ ಬರುತ್ತೇನೆ ಎಂದು ಕೆಂಪು ಟಾರ್ಚು ಹಿಡಿದು ಎದ್ದು ಮರಳದಿಬ್ಬದ ಆಚೆಗೆ ಹೋದರು. ಹೋಗುವಾಗ ಚಹಾದ ಫ್ಲಾಸ್ಕನ್ನು ಎಡವಿ ಉರುಳಿಸಿದರು. ಅದಕ್ಕೂ ನಾನು ಏನೋ ಒಂದು ಹೇಳಿದೆ. ಏನೆಂದು ನೆನಪಿಲ್ಲ, ಜನ ನಕ್ಕದ್ದು ನೆನಪಿದೆ.

ಕಾಲು ಗಂಟೆಯಾದರೂ ಬರಲಿಲ್ಲ. ಮೋಡ ಚದುರತೊಡಗಿತ್ತು. ಶೋಭಕ್ಕ ನನ್ನ ಕಡೆ ನೋಡಿ, "ಒಮ್ಮೆ ನೋಡ್ಕೊಂಡು ಬರ್ತೀರಾ? ಅವರಿಗೆ ಬೇಜಾರಾಯ್ತಾ ಏನೋ," ಎಂದರು. ಬೇಜಾರು ಮಾಡಿದವನೇ ಕರೆತರಬೇಕೆಂಬ ನ್ಯಾಯ. ಗೊಣಗುತ್ತ ಎದ್ದೆ.

ದಿಬ್ಬ ಇಳಿದರೆ ಭಾವ ಅಲ್ಲೇ ಇದ್ದರು. ನಮ್ಮಿಂದ ಮೂವತ್ತು ನಲವತ್ತು ಹೆಜ್ಜೆ ದೂರ, ಅಷ್ಟೇ. ಟಾರ್ಚಿನ ಕೆಂಪು ವೃತ್ತ ನೆಲದ ಮೇಲೆ ಬಿದ್ದಿತ್ತು. ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತರು, ತಿರುಗಿ ಮೂರು ಹೆಜ್ಜೆ ಬಂದರು, ಮತ್ತೆ ನಿಂತು ಕತ್ತು ಓರೆ ಮಾಡಿ ಕಿವಿಗೊಟ್ಟರು. ನಕ್ಷತ್ರಗಳ ಬೆಳಕಿನಲ್ಲೇ ನನಗೆ ಅವರ ಅಂಗಿಯ ಗುಂಡಿ ಕಾಣುತ್ತಿತ್ತು. ಐದು ಹೆಜ್ಜೆ ಎದುರಿಗೆ ನಿಂತು ಸ್ವಲ್ಪ ಹೊತ್ತು ಆ ನಾಟಕ ನೋಡಿದೆ. ಆಮೇಲೆ, "ಭಾವ, ನಕ್ಷತ್ರ ಇರುದು ಮೇಲೆ. ಕೆಳಗೆ ಹುಡುಕ್ತಾ ಇದ್ದೀರಲ್ಲ?" ಎಂದೆ.

ಅವರು ಬೆಚ್ಚಿ ಬಲಕ್ಕೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ.

"ಯಾರು? ನೀನಾ? ಎಲ್ಲಿದ್ದಿ?"

"ಇಲ್ಲೇ, ಎದುರಿಗೆ."

ಅವರು ಕೈ ಚಾಚಿದರು. ಆ ಕೈ ನನ್ನ ಪಕ್ಕದ ಗಾಳಿಯನ್ನು ತಡವಿತು, ಇನ್ನೊಮ್ಮೆ ತಡವಿತು. ಇನ್ನೊಂದು ಮಾತು ನನ್ನ ಬಾಯಿಗೆ ಬಂದಿತ್ತು, ಒಳ್ಳೆಯ ಮಾತೇ. ಹೇಗೋ ನುಂಗಿದೆ. ಮುಂದೆ ಹೋಗಿ ಆ ಕೈ ಹಿಡಿದೆ. ತಣ್ಣಗಿತ್ತು.

"ಕರೀಬಹುದಿತ್ತಲ್ಲ ಭಾವ."

"ಏನಂತ ಕರೆಯುದು?" ಎಂದರು. ನನ್ನ ಕೈ ಬಿಡದೆ, "ಇರುಳುಗುರುಡು ಮಾರಾಯ. ಎರಡು ವರ್ಷ ಆಯ್ತು. ರಜೆಯಲ್ಲಿ ಊರಿಗೆ ಹೋದಾಗ ಮಂಗಳೂರಿನಲ್ಲಿ ಡಾಕ್ಟ್ರಿಗೆ ತೋರಿಸಿದೆ. ಹಗಲು ತೊಂದ್ರೆ ಇಲ್ಲ. ಕತ್ತಲಾದ್ರೆ ಮುಗೀತು. ಇದಕ್ಕೆ ಮದ್ದು ಇಲ್ಲ ಅಂತೆ," ಎಂದರು.

"ಮತ್ತೆ ಆ ನಕ್ಷತ್ರಗಳೆಲ್ಲ?"

"ನನಗೆ ಆ ಹಸಿರು ಗೆರೆ ಮಾತ್ರ ಕಾಣ್ತದೆ. ಕುರ್ಚಿ ಸರಿ ದಿಕ್ಕಿಗೆ ಇದ್ರೆ ಯಾವ ಗಂಟೆಗೆ ಯಾವುದು ಎಲ್ಲಿರ್ತದೆ ಅಂತ ಬಾಯಿಪಾಠ ಉಂಟು. ಮೋಡ ಮಾತ್ರ ಬಾಯಿಪಾಠ ಬರುದಿಲ್ಲ."

ಇಲ್ಲಿ ನನ್ನ ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ನಿಮಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬರಬಹುದು. ನೀರು ಬರಲಿಲ್ಲ. ಬೇರೊಂದು ವಿಷಯ ತಲೆಗೆ ಬಂತು. ಧೃತಿ ಮತ್ತು ಅನ್ವಿ ಇಬ್ಬರೂ ಕರಾಮಾದಲ್ಲಿ ಭರತನಾಟ್ಯ ಕಲಿಯುತ್ತಿದ್ದರು. ಕ್ಲಾಸು ಬಿಡುವುದು ರಾತ್ರಿ ಎಂಟಕ್ಕೆ. ಸೋಮವಾರ ಕರೆತರುವುದು ನಾನು.

"ಬುಧವಾರ ಮಕ್ಕಳನ್ನು ಯಾರು ಕರ್ಕೊಂಡು ಬರುದು ಭಾವ?"

ಅವರು ಟಾರ್ಚಿನ ಕೆಂಪು ವೃತ್ತವನ್ನು ಕಾಲ ಬುಡದಲ್ಲಿ ಅತ್ತಿತ್ತ ಆಡಿಸಿದರು.

"ಯಾರು?"

"ನಾನೇ. ರೋಡಿನಲ್ಲಿ ಲೈಟ್ ಉಂಟಲ್ಲ ಮಾರಾಯ. ಎದುರಿನ ಕಾರಿನ ಕೆಂಪು ದೀಪ ಹಿಡ್ಕೊಂಡು ನಿಧಾನ ಬರ್ತೇನೆ."

"ನಿಧಾನವಾಗಿ ಹೋಗುತ್ತಿದ್ದೆ" ಎಂಬ ವಾಕ್ಯವನ್ನು ನಾನು ಕ್ಲೇಮು ಅರ್ಜಿಗಳಲ್ಲಿ ದಿನಾ ಓದುತ್ತೇನೆ. ಅದರ ಜೊತೆಗೆ ಲಗತ್ತಿಸಿದ ಫೋಟೋಗಳನ್ನೂ ನೋಡುತ್ತೇನೆ. ನಾನು ಅವರ ಕೈ ಬಿಟ್ಟೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ವ್ಯಂಗ್ಯವಿಲ್ಲದೆ ಬೈದೆ. ಏನು ಬೈದೆನೆಂದು ಇಲ್ಲಿ ಬರೆಯುವಂತಿಲ್ಲ. ನನ್ನ ಮಗಳು, ನಿಮ್ಮ ಮಗಳು, ಎರಡು ವರ್ಷ, ಇವಿಷ್ಟು ಅದರಲ್ಲಿ ಮತ್ತೆ ಮತ್ತೆ ಬಂದವು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಟಾರ್ಚನ್ನು ಆರಿಸುವುದಕ್ಕೂ ಮರೆತಿದ್ದರು.

"ಕೀ ಕೊಡಿ," ಎಂದೆ.

"ಇಲ್ಲೇಯಾ?"

"ಇಲ್ಲೇ."

ಕಿಸೆಯಿಂದ ತೆಗೆದು ಕೊಟ್ಟರು. "ಶೋಭಾನಿಗೆ ಗೊತ್ತಿಲ್ಲ," ಎಂದರು.

"ಬುಧವಾರದ ಒಳಗೆ ನೀವು ಹೇಳ್ಬೇಕು. ಇಲ್ಲದಿದ್ರೆ ನಾನು ಹೇಳ್ತೇನೆ."

"ನಾನೇ ಹೇಳ್ತೇನೆ." ನಾವು ಹೊರಡಲು ತಿರುಗಿದೆವು. ಎರಡು ಹೆಜ್ಜೆ ಹೋಗಿ ಅವರು ನಿಂತರು. "ಮೋಡ ಹೋಯ್ತಾ?"

"ಹೋಯ್ತು."

"ದಕ್ಷಿಣಕ್ಕೆ ನೋಡು. ನೆಲದಿಂದ ಸ್ವಲ್ಪ ಮೇಲೆ. ಒಂದೇ ಒಂದು, ದೊಡ್ಡದು, ಉಂಟಾ?"

ದಕ್ಷಿಣ ಯಾವುದೆಂದು ಅವರೇ ನನ್ನ ಭುಜ ಹಿಡಿದು ತಿರುಗಿಸಬೇಕಾಯಿತು. ಉಂಟು ಎಂದೆ.

"ಕೈ ಉದ್ದ ಮಾಡಿ ಅಳೆ. ನೆಲದಿಂದ ಎಷ್ಟು ಬೆರಳು?"

"ನಾಲ್ಕು."

"ಸರಿ ಉಂಟು. ಅದು ಅಗಸ್ತ್ಯ. ಇಲ್ಲಿಯವರು ಸುಹೈಲ್ ಅಂತಾರೆ. ಬೇಸಗೆಯ ಕೊನೆಗೆ ಬೆಳಗಿನ ಜಾವ ಅದು ಮೊದಲ ಸಲ ಕಂಡ್ರೆ ಸೆಕೆ ಹೋಯ್ತು ಅಂತ ಲೆಕ್ಕ. ಕ್ಯಾಂಪಿನಲ್ಲಿದ್ದಾಗ ನಾನು ಅದಕ್ಕೇ ಕಾಯ್ತಿದ್ದೆ. ಹೇಗೆ ಕಾಣ್ತದೆ ಈಗ?"

ಹೇಗೆ ಎಂದರೆ? ಬೇರೆಯವರ ಕಾರಿನಲ್ಲಿ ಎಷ್ಟು ಗೀರು, ಎಷ್ಟು ನೆಗ್ಗು ಎಂದು ವಿವರಿಸಲು ನನಗೆ ಬರುತ್ತದೆ. ನಕ್ಷತ್ರವನ್ನು ಯಾರಿಗೂ ವಿವರಿಸಿದವನಲ್ಲ. "ಅಲ್ಲಾಡ್ತಾ ಉಂಟು. ಒಮ್ಮೆ ಬಿಳಿ, ಒಮ್ಮೆ ಸ್ವಲ್ಪ ಕೆಂಪು, ಹಸಿರೂ ಬರ್ತದೆ. ಗಾಳಿಗೆ ಚಿಮಿಣಿ ದೀಪ ಆದ ಹಾಗೆ," ಎಂದೆ. ಬಹಳ ಕಳಪೆ ವಿವರಣೆ. ಅವರು ಆ ಕಡೆಗೇ ಮುಖ ಮಾಡಿ, ಹೌದು ಹೌದು ಎಂದು ತಲೆಯಾಡಿಸುತ್ತ ನಿಂತಿದ್ದರು. ನನಗೆ ಸಿಟ್ಟು ಇಳಿದಿರಲಿಲ್ಲ. ಆದರೂ ಮತ್ತೆ ಅವರ ಕೈ ಹಿಡಿದೆ, ಇಲ್ಲದಿದ್ದರೆ ದಿಬ್ಬ ಹತ್ತಲು ಆಗುತ್ತಿರಲಿಲ್ಲ.

ಕೈ ಹಿಡಿದುಕೊಂಡು ಬಂದ ಷಡ್ಡಕರನ್ನು ನೋಡಿ ಎಲ್ಲರಿಗೂ ಆಶ್ಚರ್ಯ. "ರಾಜಿ ಆಯ್ತಾ? ಖಲಾಸ್?" ಎಂದರು ಇಕ್ಬಾಲ್ ಸಾಹೇಬರು. ಖಲಾಸ್ ಎಂದೆ. ಭಾವನ ಕಾರನ್ನು ನಾನು ಓಡಿಸಿದೆ, ನಮ್ಮದನ್ನು ರೇಖಾ. ಸಾಹೇಬರ ಡ್ರೈವರ್ ಆರಾಮವಾಗಿ ಹಿಂದಿನ ಸೀಟಿನಲ್ಲಿ ನಿದ್ದೆಹೋದ. ದಾರಿಯುದ್ದಕ್ಕೂ ಭಾವ ನನ್ನ ಪಕ್ಕ ಬಾಗಿಲಿನ ಹಿಡಿ ಹಿಡಿದುಕೊಂಡೇ ಕೂತಿದ್ದರು. ದುಬೈಯ ದೀಪಗಳು ಶುರುವಾದ ಮೇಲೆ ಅವರ ಭುಜ ಸ್ವಲ್ಪ ಸಡಿಲವಾಯಿತು. ಕೆಂಪು ಟಾರ್ಚು ಆ ಗಡಿಬಿಡಿಯಲ್ಲಿ ನನ್ನ ಕಿಸೆಯಲ್ಲೇ ಉಳಿಯಿತು.

ಮಂಗಳವಾರ ಸಂಜೆ, ಇನ್ನೂ ಬೆಳಕಿರುವಾಗ, ಇಂಗ್ಲೆಂಡಿನಿಂದ ಚೈನಾಕ್ಕೆ ಇಬ್ಬರೂ ನಡೆದುಕೊಂಡು ಬಂದರು. ಶೋಭಕ್ಕನ ಕಣ್ಣು ಊದಿಕೊಂಡಿತ್ತು. ರೇಖಾ ಚಹಾ ತಂದಿಟ್ಟರೆ ಯಾರೂ ಮುಟ್ಟಲಿಲ್ಲ.

"ಎರಡು ವರ್ಷ ನನ್ನ ಹತ್ರ ಹೇಳ್ಲಿಲ್ಲ ಇವರು," ಎಂದರು ಶೋಭಕ್ಕ. "ಯಾಕೆ ಅಂತ ಕೇಳಿದೆ. ಒಬ್ಬರಿಗೆ ಹೇಳಿದ್ರೆ ಇನ್ನೊಬ್ಬರಿಗೆ ಗೊತ್ತಾಗ್ತದಂತೆ, ಗೊತ್ತಾದ್ರೆ ನಗೆಯಾಟ ಆಗ್ತದಂತೆ. ಯಾರಿಗೆ ಹೆದರಿದ್ದು ಅಂತ ನೀವೇ ಕೇಳಿ."

ಕೇಳುವ ಅಗತ್ಯವಿರಲಿಲ್ಲ. ಕೋಣೆಯಲ್ಲಿದ್ದ ಮೂವರೂ ನನ್ನನ್ನೇ ನೋಡುತ್ತಿದ್ದರು. ಭಾವ ಮಾತ್ರ, "ಹಾಗೆಂತ ಇಲ್ಲ, ಬಿಡು," ಎಂದು ಚಹಾದ ಕಪ್ಪು ಎತ್ತಿಕೊಂಡರು. ತಪ್ಪು ಯಾರದೆಂದು ಹುಡುಕುವುದರಲ್ಲಿ ಪಳಗಿದವನಿಗೆ ಅಂದು ಕೆಲಸ ಬಹಳ ಸುಲಭವಾಯಿತು.

ಅಂದಿನಿಂದ ಅವರ ಡ್ರೈವಿಂಗ್ ಖಲಾಸ್. ಅವರ ಆಫೀಸು ನನ್ನ ಆಫೀಸಿಗೆ ಎರಡು ಕಟ್ಟಡ ಆಚೆ. ಬೆಳಿಗ್ಗೆ ಕರೆದುಕೊಂಡು ಹೋಗುವುದು ನಾನು, ಸಂಜೆ ತರುವುದು ನಾನು, ಸೋಮವಾರ ಬುಧವಾರ ಎರಡೂ ನನ್ನದೇ. ನನ್ನ ನಾಲಿಗೆ ಮೃದುವಾಯಿತೆಂದು ತಿಳಿಯಬೇಡಿ. ಪಕ್ಕದಲ್ಲಿ ಕೂತು ಇಂಡಿಕೇಟರ್ ಹಾಕು, ಲೇನ್ ಬಿಡು, ಬ್ರೇಕ್ ಮೇಲೆ ಕಾಲಿಡು ಎಂದು ಒಂದು ಗಂಟೆ ಪಾಠ ಮಾಡುವ ಮನುಷ್ಯನನ್ನು ಮೌನವಾಗಿ ಸಹಿಸಲು ನಾನೇನು ಸಂತನೇ? ನಾನು ಅನ್ನುತ್ತೇನೆ, ಅವರು ತಿರುಗಿ ಅನ್ನುತ್ತಾರೆ. ಈಗ ಅವರೂ ಚೆನ್ನಾಗಿಯೇ ಅನ್ನಲು ಕಲಿತಿದ್ದಾರೆ.

ಹೊರಗಿನವರಿಗೆ ಹೇಳುವುದು ಬೇಡ ಎಂದು ನಾಲ್ವರೂ ತೀರ್ಮಾನಿಸಿದೆವು. ಈ ತಿಂಗಳು ಭಾವನೇ, "ಇನ್ನು ಬರೆ ಮಾರಾಯ, ಗೊತ್ತಾಗುವವರಿಗೆ ಗೊತ್ತಾಗ್ಲಿ," ಎಂದ ಮೇಲೆಯೇ ಇದನ್ನು ಬರೆಯುತ್ತಿರುವುದು. ಹೋದ ಚಳಿಗಾಲ ವಿಷಯ ಇನ್ನೂ ಗುಟ್ಟಾಗಿಯೇ ಇತ್ತು. ಆದ್ದರಿಂದ ಮತ್ತೆ ಅದೇ ಮರಳಿಗೆ ಹೋದಾಗ ನಾನು ಅವರ ಕುರ್ಚಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದೆ. ಮೋಡ ಎಲ್ಲಿದೆ, ಯಾವುದು ತೆರವಾಗಿದೆ ಎಂದು ಅವರ ಕಿವಿಯಲ್ಲಿ ಉಸುರುತ್ತಿದ್ದೆ. ಅವರು ಲೇಸರ್ ಎತ್ತುತ್ತಿದ್ದರು. ಜನ ಆಹಾ ಎನ್ನುತ್ತಿದ್ದರು. ಆ ವರ್ಷ ಹೊಸದಾಗಿ ಬಂದ ಒಬ್ಬ ಹೆಂಗಸು ರೇಖಾಳಿಗೆ, "ನಿಮ್ಮ ಯಜಮಾನರಿಗೆ ಪಾಪ, ಭಾವನಷ್ಟು ತಿಳುವಳಿಕೆ ಇಲ್ಲ ಅನ್ಸುತ್ತೆ. ಬಾಲದ ಹಾಗೆ ಅಂಟಿಕೊಂಡೇ ಇರ್ತಾರಲ್ಲ," ಎಂದರಂತೆ. ರೇಖಾ ಅದನ್ನು ನನಗೆ ಹೇಳುವಾಗ ಬಹಳ ಸಂತೋಷಪಟ್ಟಳು.

ಎಲ್ಲರೂ ಊಟಕ್ಕೆ ಎದ್ದ ಮೇಲೆ ನಾವಿಬ್ಬರೇ ಉಳಿದೆವು.

"ನೆತ್ತಿಯ ಮೇಲೆ ಕೃತ್ತಿಕೆ ಇರ್ಬೇಕು. ಒಂದು ಸಣ್ಣ ಗೊಂಚಲು. ಕಾಣ್ತದಾ?" ಎಂದರು ಭಾವ.

"ಕಾಣ್ತದೆ."

"ಎಷ್ಟು?"

ಕತ್ತು ನೋಯುವಷ್ಟು ಹೊತ್ತು ಎಣಿಸಿದೆ. "ಆರು."

"ಸರಿಯಾಗಿ ನೋಡು. ಕ್ಯಾಂಪಿನಲ್ಲಿ ನನಗೆ ಏಳು ಕಾಣ್ತಿತ್ತು."

ಮತ್ತೆ ಎಣಿಸಿದೆ. "ಆರೇ ಭಾವ."

"ಹೌದಾ?" ಎಂದು ಅವರು ನನ್ನ ಕಡೆಗೆ, ಸರಿಯಾಗಿ ನನ್ನ ಕಡೆಗೇ, ತಿರುಗಿದರು. "ಹಾಗಾದ್ರೆ ಒಮ್ಮೆ ಹೋಗಿ ಕಣ್ಣು ಟೆಸ್ಟ್ ಮಾಡಿಸು ಮಾರಾಯ."